ದಂಡಾಂದೋಲನ ಮೀಮಾಂಸೆ: ಗಿಟಾರಿಗೆ ಟ್ರೆಮೊಲೊ ಕೂರಿಸುವವರಿಗೊಂದು ಶಾಸ್ತ್ರ

ಎಲೆಕ್ಟ್ರಿಕ್ ಗಿಟಾರಿಗೆ ಹೊರಗಿನಿಂದ ಟ್ರೆಮೊಲೊ ತಂದು ಕೂರಿಸುವ ವಿಚಾರವನ್ನು ಈವರೆಗೆ ಯಾವ ಪಂಡಿತರೂ ಸರಳವಾಗಿ ಹೇಳಿಲ್ಲವಾದ್ದರಿಂದ, ಪ್ರಸ್ತುತ ಪ್ರಬಂಧಕಾರರೂ ಆ ತಪ್ಪು ಮಾಡುವವರಲ್ಲ. ಬಲಗೈ ಬಳಿ ಇರುವ ಲೋಹದ ಕೋಲನ್ನು ಒತ್ತಿದರೆ ತಂತಿ ಸಡಿಲಾಗಿ ಸ್ವರ ಇಳಿಯುತ್ತದೆ. ಎತ್ತಿದರೆ ಬಿಗಿಯಾಗಿ ಏರುತ್ತದೆ. ಇಷ್ಟೇ ಹೇಳಿ ಸುಮ್ಮನಾದರೆ ಅದು ಶಾಸ್ತ್ರ ಅನ್ನಿಸಿಕೊಳ್ಳುವುದಿಲ್ಲ. ಆದ್ದರಿಂದ ಇದನ್ನು ‘ದಂಡಪ್ರೇರಿತ ತಂತುಶೈಥಿಲ್ಯಜನ್ಯ ಶ್ರುತಿವಿಚಲನ’ ಎಂದೂ, ಸಂಕ್ಷೇಪದಲ್ಲಿ ‘ದತಂಶೈಶ್ರು’ ಎಂದೂ ಕರೆಯತಕ್ಕದ್ದು. ಓದುಗರು ನಾಲಿಗೆ ತಿರುಗಿಸಿ ದಣಿಯಬೇಕಿಲ್ಲ, ಈ ಪದ ಮುಂದೆಲ್ಲೂ ಬರುವುದಿಲ್ಲ.

ಪೂರ್ವಸೂರಿಗಳ ಸ್ಮರಣೆಯಿಲ್ಲದೆ ಶಾಸ್ತ್ರ ಮುಂದಕ್ಕೆ ಹೋಗದು. ಈ ಪರಂಪರೆಯ ಹಿರಿಯ ಅಮೆರಿಕದ ಡಾಕ್ ಕಾಫ್‌ಮನ್. 1929ರಲ್ಲಿ ಅರ್ಜಿ ಹಾಕಿ 1932ರಲ್ಲಿ ಪೇಟೆಂಟ್ ಪಡೆದ ಅವರ ‘ವೈಬ್ರೋಲ’ ತಂತಿಯನ್ನು ಚೆನ್ನಾಗಿಯೇ ಅಲುಗಿಸುತ್ತಿತ್ತು. ಅಲುಗಿದ ತಂತಿ ವಾಪಸು ಬರುವ ವಿಷಯದಲ್ಲಿ ಮಾತ್ರ ತಕರಾರು. ಆ ದಶಕ ಮುಗಿಯುವುದರೊಳಗೆ ರಿಕನ್‌ಬ್ಯಾಕರ್ ಕಂಪನಿ ಗಿಟಾರಿನ ಹೊಟ್ಟೆಗೆ ವಿದ್ಯುತ್ ಮೋಟರನ್ನೇ ತುರುಕಿ, ಕೈಗೆ ಕೆಲಸವಿಲ್ಲದಂತೆ ತಂತಿ ನಡುಗಿಸುವ ಮಾದರಿಯನ್ನೂ ಮಾರಿತು. ಮುಂದೆ ಮರ್ಲ್ ಟ್ರ್ಯಾವಿಸ್ ಎಂಬ ಪ್ರಸಿದ್ಧ ವಾದಕ ಶ್ರುತಿ ತಪ್ಪುವ ತನ್ನ ವೈಬ್ರೋಲವನ್ನು ರಿಪೇರಿಗೆ ಒಯ್ದದ್ದು ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಬಳಿಗೆ. ಬಿಗ್ಸ್‌ಬಿ ಮೋಟಾರ್‌ಸೈಕಲ್ ಕಸುಬಿನವನು. ರಿಪೇರಿಯ ಗೋಜು ಬಿಟ್ಟು ಹೊಸದನ್ನೇ ಮಾಡಿಕೊಟ್ಟ. ಇವತ್ತಿಗೂ ಅದು ಅವನ ಹೆಸರಿನಲ್ಲೇ ಸಿಗುತ್ತದೆ.

1954ರಲ್ಲಿ ಲಿಯೋ ಫೆಂಡರ್ ತನ್ನ ಸ್ಟ್ರಾಟೊಕಾಸ್ಟರ್‌ಗೆ ಬ್ರಿಡ್ಜ್ ಸಮೇತ ಓಲಾಡುವ ವ್ಯವಸ್ಥೆ ಕೂರಿಸಿದ. ಮುಂದೆ ಆರು ಸ್ಕ್ರೂ, ಹಿಂದೆ ಸ್ಪ್ರಿಂಗು, ನಡುವೆ ಉಕ್ಕಿನ ದಿಮ್ಮಿ. ಇಪ್ಪತ್ತೈದು ವರ್ಷಗಳ ಮೇಲೆ, 1979ರಲ್ಲಿ, ಆಭರಣದ ಕುಸುರಿಯೂ ಗೊತ್ತಿದ್ದ ಗಿಟಾರ್ ವಾದಕ ಫ್ಲಾಯ್ಡ್ ರೋಸ್ ತಂತಿಯನ್ನು ಎರಡೂ ತುದಿಗಳಲ್ಲಿ ಕಚ್ಚಿ ಹಿಡಿಯುವ ಉಪಾಯಕ್ಕೆ ಪೇಟೆಂಟ್ ಪಡೆದ. ಎಡ್ಡಿ ವ್ಯಾನ್ ಹೇಲನ್ ಅದನ್ನು ಕೈಗೆತ್ತಿಕೊಂಡ ಮೇಲೆ ಹದಿಹರೆಯದವರ ಗಿಟಾರುಗಳಿಗೆ ಕಾಲ ಕೆಟ್ಟಿತು. ಆ ಮಾತು ಮುಂದೆ ಬರುತ್ತದೆ.

ಇಲ್ಲಿ ಒಂದು ಅಂಶ. ಈ ಅರ್ಧ ಶತಮಾನ ಜಾಣರೆಲ್ಲ ಹೆಣಗಾಡಿದ್ದು ಒಂದೇ ಪ್ರಶ್ನೆಗೆ: ಕೋಲು ಬಿಟ್ಟ ಮೇಲೆ ತಂತಿ ಮೊದಲಿನ ಶ್ರುತಿಗೆ ಬಂದು ನಿಲ್ಲುತ್ತದೋ ಇಲ್ಲವೋ? ಈಚಿನ ವಿದ್ವಾಂಸರು ಈ ಪ್ರಶ್ನೆಯನ್ನು ಬಡಗಿಯ ಪ್ರಶ್ನೆ ಎಂದು ಪಕ್ಕಕ್ಕೆ ಸರಿಸಿ ನಾದತತ್ತ್ವದ ಕಡೆ ಹೊರಳಿದ್ದಾರೆ.

ಅಥ ಪೂರ್ವಪಕ್ಷಃ. ಬ್ರಿಡ್ಜಿನ ಕೆಳಗಿನ ದಿಮ್ಮಿ ಯಾವ ಲೋಹದ್ದು ಎಂಬುದರ ಮೇಲೆ ಜೀವಾತ್ಮದ ಗತಿ ನಿಂತಿದೆ. ಉಕ್ಕಿನವರು, ಹಿತ್ತಾಳೆಯವರು, ಸತುವಿನವರು, ಈಚೆಗೆ ಟೈಟಾನಿಯಂನವರು ಎಂದು ನಾಲ್ಕು ಮತಗಳು. ಫೆಂಡರ್ ಕಂಪನಿ ಎಪ್ಪತ್ತರ ದಶಕದ ಆರಂಭದಲ್ಲಿ ಉಕ್ಕು ಬಿಟ್ಟು ಎರಕದ ಸತುವಿಗೆ ಇಳಿದದ್ದು ಇವರ ಲೆಕ್ಕದಲ್ಲಿ ಕಲಿಯುಗದ ಪ್ರವೇಶ. ಉಕ್ಕಿನಲ್ಲಿ ಮಂದ್ರಕ್ಕೆ ‘ಆರ್ದ್ರತೆ’ ಬರುತ್ತದಂತೆ, ಹಿತ್ತಾಳೆಯಲ್ಲಿ ‘ಅಂತರ್ಮುಖತೆ’, ಟೈಟಾನಿಯಂನಲ್ಲಿ ‘ಪಾರದರ್ಶಕ ಔನ್ನತ್ಯ’. ದಿಮ್ಮಿ ಬದಲಾದರೆ ನಾದದಲ್ಲಿ ಅಷ್ಟಿಷ್ಟು ವ್ಯತ್ಯಾಸ ಬರಬಹುದು, ಬರಲಿ. ಆದರೆ ಈ ಸೂಕ್ಷ್ಮವೆಲ್ಲ ಕೊನೆಗೆ ಹೋಗಿ ಬೀಳುವುದು ಡಿಸ್ಟಾರ್ಷನ್ ಪೆಡಲಿಗೆ. ಅಲ್ಲಿಂದ ಹೊರಬಂದ ಮೇಲೆ ಉಕ್ಕು ಯಾವುದು, ಸತು ಯಾವುದು ಎಂದು ಗುರುತಿಸುವ ಕಿವಿ ಇದ್ದವರು ಕ್ಯಾಟಲಾಗ್ ಬರೆಯುತ್ತ ಕೂತಿರುತ್ತಿರಲಿಲ್ಲ.

ಇನ್ನು ವರ್ಗೀಕರಣ. ಮರುಜೋಡಣೆಯ ಟ್ರೆಮೊಲೊಗಳು ಪಂಚವಿಧ: ಪ್ಲವ, ಅರ್ಧಪ್ಲವ, ಸ್ಥಾಣು, ಅನಾಘಾತ, ಅನಿರ್ವಚನೀಯ.

ಪ್ಲವ ಎಂದರೆ ತೇಲುವುದು. ಇದರಲ್ಲಿ ಬ್ರಿಡ್ಜ್ ಮರಕ್ಕೆ ಒರಗದೆ, ಮುಂದಿನಿಂದ ತಂತಿಗಳ ಎಳೆತ, ಹಿಂದಿನಿಂದ ಸ್ಪ್ರಿಂಗುಗಳ ಎಳೆತ ಇವೆರಡರ ನಡುವೆ ನಿಂತಿರುತ್ತದೆ. 10-46 ಅಳತೆಯ ಆರು ತಂತಿಗಳ ಒಟ್ಟು ಎಳೆತ ಸುಮಾರು 46 ಕಿಲೋ. 9-42 ಆದರೆ 38ರ ಆಸುಪಾಸು. ಅಂದರೆ ಸುಮ್ಮನೆ ತಂತಿಯ ಸೆಟ್ಟು ಬದಲಿಸಿದವನೂ ಹಿಂದಿನ ಮುಚ್ಚಳ ಬಿಚ್ಚಿ ಸ್ಪ್ರಿಂಗಿನ ಸ್ಕ್ರೂ ತಿರುಗಿಸಲೇಬೇಕು. ಒಂದು ತಂತಿ ಹರಿದರೆ ಉಳಿದೈದೂ ಶ್ರುತಿ ಮೀರಿ ಏರುತ್ತವೆ. ಒಂದನ್ನು ಬೆರಳಿನಿಂದ ಎಳೆದು ಗಮಕ ಕೊಟ್ಟರೆ ಉಳಿದವು ಇಳಿಯುತ್ತವೆ. ಒಟ್ಟು ಕುಟುಂಬದ ಹಿರಿಯರಿಗೆ ಈ ನ್ಯಾಯ ಹೊಸದೇನಲ್ಲ. ಅರ್ಧಪ್ಲವ ಕೆಳಕ್ಕೆ ಮಾತ್ರ ಬಾಗುತ್ತದೆ, ಮೇಲಕ್ಕಿಲ್ಲ. ತಂತಿ ಹರಿದಾಗ ಮಿಕ್ಕವು ಮರ್ಯಾದೆಯಿಂದಿರುತ್ತವೆ.

ಸ್ಥಾಣು ಎಂದರೆ ಅಲ್ಲಾಡದ್ದು. ಇದರ ಪ್ರವರ್ತಕ ಎರಿಕ್ ಕ್ಲಾಪ್ಟನ್. ತನ್ನ ಸ್ಟ್ರಾಟೊಕಾಸ್ಟರ್‌ಗೆ ಐದೂ ಸ್ಪ್ರಿಂಗ್ ಬಿಗಿದು, ದಿಮ್ಮಿಯ ಹಿಂದೆ ಮರದ ತುಂಡೊಂದನ್ನು ಸಿಕ್ಕಿಸಿ ಟ್ರೆಮೊಲೊದ ಸದ್ದಡಗಿಸಿದ ಮಹಾನುಭಾವ. 1988ರಿಂದ ಅವನ ಹೆಸರಲ್ಲೇ ಬರುವ ಗಿಟಾರನ್ನು ಫೆಂಡರ್ ಕಂಪನಿ ಹೀಗೆ ಅಡ್ಡ ತುಂಡು ಹಾಕಿಯೇ ಮಾರುತ್ತದೆ. ಕೆಲಸ ಮಾಡದಂತೆ ಮಾಡಿದ ಯಂತ್ರಕ್ಕೂ ಗಿರಾಕಿಗಳಿದ್ದಾರೆ. ಇದರ ತಾತ್ಪರ್ಯವನ್ನು ಯಾವ ವಿಚಾರ ಸಂಕಿರಣವೂ ಈವರೆಗೆ ಕೈಗೆತ್ತಿಕೊಂಡಿಲ್ಲ.

ಅನಾಘಾತ ಮತ್ತು ಅನಿರ್ವಚನೀಯಗಳ ಲಕ್ಷಣ ನಿರೂಪಣೆ ಬಾಕಿ ಇದೆ. ಅದನ್ನು ಇಲ್ಲಿಗೇ ಬಿಡಲಾಗಿದೆ. ಹೆಸರಿಡುವುದು ಸುಲಭ, ಆ ಹೆಸರಿನ ಹಿಂದೆ ಮರ ಕೊರೆಯುವ ಯಂತ್ರ ನಿಂತಿದೆ ಎಂಬುದನ್ನು ಯಾರಾದರೂ ಹೇಳಬೇಕಲ್ಲ.

ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಐವತ್ತು ಅರವತ್ತರ ದಶಕಗಳ ಎಷ್ಟೋ ಸ್ಟ್ರಾಟೊಕಾಸ್ಟರ್‌ಗಳು, ಲೆಸ್ ಪಾಲ್‌ಗಳು ರೂಟರ್ ಎಂಬ ಆ ಯಂತ್ರದ ಬಾಯಿಗೆ ಸಿಕ್ಕವು. ಫ್ಲಾಯ್ಡ್ ರೋಸ್ ಕೂರಿಸಲು ಎದೆ ಬಗೆದರು, ಬೀಗದ ನಟ್ಟಿಗಾಗಿ (ನಟ್ ಎಂದರೆ ಕತ್ತಿನ ತುದಿಯಲ್ಲಿ ತಂತಿಗಳು ಒರಗುವ ಪಟ್ಟಿ) ಕತ್ತಿನ ಮರ ಕೆತ್ತಿದರು, ಕೇಲರ್ ಎಂಬ ಇನ್ನೊಂದು ಟ್ರೆಮೊಲೊ ಕೂರಿಸಲು ಮೇಲ್ಮೈಯಲ್ಲಿ ಗುಂಡಿ ತೋಡಿದರು. ಫ್ಯಾಷನ್ ಹೋಯಿತು, ಗುಂಡಿ ಉಳಿಯಿತು. ಅಂಥ ಗಿಟಾರಿಗೆ ಮರದ ತೇಪೆ ಹಾಕಿ, ಬಣ್ಣ ಬಳಿದು, ಹಳೆಯ ಬ್ರಿಡ್ಜನ್ನೇ ಹುಡುಕಿ ತಂದು ಕೂರಿಸುವುದು ಈಗ ಅಲ್ಲಿ ಒಂದು ಪ್ರತ್ಯೇಕ ಕಸುಬು. ಒಳ್ಳೆಯ ವಾದ್ಯವನ್ನು ಹಾಳು ಮಾಡಲು ಅರ್ಧ ದಿನ ಸಾಕು. ಆ ಕೆಲಸಕ್ಕೆ ‘ಅಪ್‌ಗ್ರೇಡ್’ ಅಂತ ಹೆಸರಿಟ್ಟು, ಹುಡುಗರು ಪಾರ್ಟ್‌ಟೈಮ್ ದುಡಿದ ಕಾಸಿಗೆ ರಸೀತಿ ಹರಿದುಕೊಟ್ಟವರಿಗೆ ನಾಚಿಕೆ ಆಗಬೇಕಿತ್ತು. ಪ್ರಬಂಧಕಾರರು ಇಲ್ಲಿ ಶಾಸ್ತ್ರದ ಭಾಷೆ ಬಿಟ್ಟದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಅದಕ್ಕಿಂತ ಸಂಕಟದ ಸಂಗತಿ, ಆ ಗಿಟಾರುಗಳಲ್ಲಿ ಎಷ್ಟೋ ಮೊದಲಿಗೇ ಕೆಟ್ಟಿರಲಿಲ್ಲ. ಬಿರಡೆ ತಿರುಗಿಸುವಾಗ ಗಿಟಾರಿನ ತಲೆಯ ಕಡೆಯಿಂದ ‘ಟಿಂಗ್’ ಎಂದು ಸಣ್ಣ ಸದ್ದು ಬಂತೆಂದರೆ, ತಂತಿ ನಟ್ಟಿನ ಕಚ್ಚಿನಲ್ಲಿ ಸಿಕ್ಕಿಕೊಂಡು ತಟ್ಟನೆ ಜಾರಿತು ಎಂದರ್ಥ. ಕೋಲು ಒತ್ತಿ ಬಿಟ್ಟಾಗಲೂ ಆಗುವುದು ಅದೇ: ತಂತಿ ಕಚ್ಚಿನವರೆಗೆ ಬಂದು ಅಲ್ಲೇ ನಿಲ್ಲುತ್ತದೆ, ಶ್ರುತಿ ಕೂದಲೆಳೆಯಷ್ಟು ತಪ್ಪುತ್ತದೆ, ಬೈಗುಳ ಮಾತ್ರ ಬ್ರಿಡ್ಜಿಗೆ ಬೀಳುತ್ತದೆ. ಕಚ್ಚನ್ನು ತಂತಿಯ ದಪ್ಪಕ್ಕೆ ಸರಿಯಾಗಿ ತೀಡಿಸಿ, ಮೆತ್ತನೆಯ ಪೆನ್ಸಿಲಿನ ತುದಿಯನ್ನು ಅದರೊಳಗೆ ನಾಲ್ಕು ಸಲ ಆಡಿಸಿದರೆ ಸಾಕು, ಬಹಳ ಸಲ ಕಾಯಿಲೆ ಅಲ್ಲಿಗೇ ವಾಸಿ. ಪೆನ್ಸಿಲಿಗೆ ಯಾರೂ ಕ್ಯಾಟಲಾಗ್ ಅಚ್ಚು ಹಾಕಿಸುವುದಿಲ್ಲ.

ನಮ್ಮ ವೈಣಿಕರು ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮೂರು ನಾಲ್ಕು ಸ್ವರಗಳನ್ನು ಹೊರಡಿಸುತ್ತಾರೆ, ಸ್ಪ್ರಿಂಗಿನ ಹಂಗಿಲ್ಲ. ಹಾಗಂತ ಕೋಲು ದಂಡವೆಂದು ತಳ್ಳಿಹಾಕುವಂತಿಲ್ಲ. ಬೆರಳು ಸ್ವರವನ್ನು ಏರಿಸಬಲ್ಲದೇ ಹೊರತು ಮೀಟಿದ ತಂತಿಯನ್ನು ಅದರ ಸ್ಥಾನದಿಂದ ಕೆಳಕ್ಕೆ ಇಳಿಸಲಾರದು, ಕೋಲು ಇಳಿಸುತ್ತದೆ. 1969ರಲ್ಲಿ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯೊಳಗೆ ಬಾಂಬು ಬೀಳುವ ಸದ್ದು ತಂದದ್ದು ಇದೇ ಕೋಲಿನಿಂದ. ಜೆಫ್ ಬೆಕ್ ಇಡೀ ರಾಗವನ್ನೇ ಕೋಲಿನ ಮೇಲೆ ಹಾಡಿಸುತ್ತಿದ್ದರು. ಇಬ್ಬರ ಕೈಯಲ್ಲಿದ್ದುದೂ ತಂತಿಗೆ ಬೀಗವಿಲ್ಲದ ಸ್ಟ್ರಾಟೊಕಾಸ್ಟರ್ ಬ್ರಿಡ್ಜುಗಳೇ.

ಹಾಗಾಗಿ ಸಿದ್ಧಾಂತ ಪಕ್ಷ ಇಷ್ಟೇ. ಮೊದಲು ನಟ್ ಸರಿಮಾಡಿಸಿ, ಹೊಸ ತಂತಿ ಹಾಕಿ ನುಡಿಸಿ ನೋಡಿ. ಆಮೇಲೂ ಬೇಕೆನಿಸಿದರೆ, ಲೆಸ್ ಪಾಲ್ ಇಟ್ಟುಕೊಂಡವರು ಡ್ಯೂಸನ್‌ಬರ್ಗ್ ಕಂಪನಿಯ ಲೆಸ್ ಟ್ರೆಮ್ ನೋಡಬಹುದು, ಅದು ಮೊದಲೇ ಇರುವ ಕಂಬಗಳ ಮೇಲೆಯೇ ಕೂರುತ್ತದೆ. ಬಿಗ್ಸ್‌ಬಿಯೇ ಆಗಬೇಕೆಂದರೆ ವೈಬ್ರಮೇಟ್ ಪಟ್ಟಿ ಇದೆ, ಹೊಸ ತೂತು ಬೇಕಿಲ್ಲ. ಸ್ಟ್ರಾಟ್ ಮಾದರಿಯವರು ಆರ್ಡರ್ ಮಾಡುವ ಮುಂಚೆ ಸ್ಕೇಲು ಹಿಡಿದು ಬ್ರಿಡ್ಜಿನ ಎರಡು ತುದಿಗಳ ಸ್ಕ್ರೂಗಳ ನಡುವಿನ ಅಂತರ ಅಳೆಯಿರಿ: ಹಳೆಯ ಅಮೆರಿಕನ್ ಮಾದರಿಗೆ 56 ಮಿಲಿಮೀಟರ್, ಮೆಕ್ಸಿಕೊದ ಬಹಳಷ್ಟು ಗಿಟಾರುಗಳಿಗೆ 52.5. ಫ್ಲಾಯ್ಡ್ ರೋಸ್‌ನ ಎರಡು ಕಂಬಗಳ ನಡುವೆ 74. ಅಗ್ಗದ ಗಿಟಾರುಗಳ ಮರ ತೆಳ್ಳಗಿರುವುದುಂಟು, ಪೂರ್ತಿ ಅಳತೆಯ ದಿಮ್ಮಿ ತಂದರೆ ಹಿಂಬದಿಯಲ್ಲಿ ಹೊರಗೆ ಚಾಚುತ್ತದೆ, ದಪ್ಪವನ್ನೂ ಅಳೆದುಕೊಳ್ಳಿ. ಅಳತೆ ಕೂಡದಿದ್ದರೆ ‘ಒಂದು ಚೂರು ಮರ ತೆಗೆದರೆ ಕೂರುತ್ತೆ’ ಎನ್ನುವ ಅಂಗಡಿಯಿಂದ ಗಿಟಾರನ್ನು ಎತ್ತಿಕೊಂಡು ಮನೆಗೆ ಬನ್ನಿ.