ಹಾಂವ್ ಆಯ್ಲಿಂ

ಮಡಂತ್ಯಾರಿನ ಸೇಕ್ರೆಡ್ ಹಾರ್ಟ್ ಕಾಲೇಜಿಗೆ ನಾನು ಸೇರಿದ್ದು ಬಿ.ಎ. ಮಾಡಲಿಕ್ಕೆ. ನಿದ್ದೆಗೆಟ್ಟು ಕಲಿತದ್ದು ಮಾತ್ರ ಕೊಂಕಣಿ. ಅದು ನನ್ನ ಪಠ್ಯದಲ್ಲಿರಲಿಲ್ಲ ಎಂಬುದು ಬೇರೆ ಮಾತು.

ಕಾಲೇಜು ಇಗರ್ಜಿಯವರದ್ದು, ಊರು ಬೆಳ್ತಂಗಡಿ ತಾಲೂಕಿನದ್ದು, ನಾವು ಮೂರು ದಿಕ್ಕಿನವರು. ಪುಂಜಾಲಕಟ್ಟೆ ದಾಟಿ ಬಂಟ್ವಾಳದವರು ಬರುತ್ತಿದ್ದರು, ಗುರುವಾಯನಕೆರೆ ಕಡೆಯಿಂದ ಬೆಳ್ತಂಗಡಿಯವರು. ಮೂಡುಬಿದಿರೆಯ ಜೈನ ಗೆಳೆಯನೊಬ್ಬ ವೇಣೂರಿನಲ್ಲಿ ಬಸ್ಸಿನೊಳಗಿಂದಲೇ ಗೊಮ್ಮಟನಿಗೆ ಕೈಮುಗಿದು ಬರುತ್ತಿದ್ದ. 35 ಅಡಿಯ ಆ ಸ್ವಾಮಿ 1604ರಿಂದ ನಿಂತೇ ಇದ್ದಾನೆ. ಅವನ ಕಷ್ಟ ಏನೆಂದು ಬೆಳಗ್ಗಿನ ಬಸ್ಸು ಹತ್ತಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಜಗಳಕ್ಕೆ ತುಳು, ಪ್ರೇಮಪತ್ರಕ್ಕೆ ಕನ್ನಡ, ಪರೀಕ್ಷೆಯಲ್ಲಿ ಬೆವರಲಿಕ್ಕೆ ಇಂಗ್ಲಿಷು. ಗುಟ್ಟಿಗೆ ಮಾತ್ರ ಬ್ಯಾರಿಗಳಿಗೆ ಬ್ಯಾರಿ, ಪೊರ್ಬುಗಳಿಗೆ, ಅಂದರೆ ಕ್ರೈಸ್ತರಿಗೆ, ಕೊಂಕಣಿ. ಬಸ್ಸಿನಲ್ಲಿ ನನ್ನ ಮುಂದೆ ಕೂರುತ್ತಿದ್ದ ನಾಲ್ಕು ಹುಡುಗಿಯರು ಕೊಂಕಣಿಯಲ್ಲಿ ಏನೋ ಹೇಳಿ ಕಿಸಕ್ಕೆಂದು ನಗುತ್ತಿದ್ದರು. ನನ್ನ ಬಗ್ಗೆಯೇ ಇರಬೇಕು ಎಂಬ ಗುಮಾನಿಯಿಂದ ನನ್ನ ಭಾಷಾಧ್ಯಯನ ಶುರುವಾಯಿತು.

1938ರಿಂದ ಬರುತ್ತಿರುವ 'ರಾಕ್ಣೊ' ಕೊಂಕಣಿ ವಾರಪತ್ರಿಕೆ ಹಿಡಿದೆ. ಕನ್ನಡ ಲಿಪಿಯಾದ್ದರಿಂದ ಗಡಗಡ ಓದಿದೆ, ಒಂದಕ್ಷರ ಅರ್ಥವಾಗಲಿಲ್ಲ. ಕೊನೆಗೆ ಆ ನಾಲ್ವರನ್ನೇ ಗುರುಗಳೆಂದು ಬಗೆದು ಏಕಲವ್ಯನಂತೆ ಹಿಂದಿನ ಸೀಟಿನಿಂದ ಕಲಿತೆ. ಮೂರು ತಿಂಗಳಿಗೆ ವಿದ್ಯೆ ಒಲಿಯಿತು. ಅವರು ಮಾತಾಡುತ್ತಿದ್ದುದು ಬಂಗುಡೆಯ ಕ್ರಯ ಮತ್ತು ಇಂಟರ್ನಲ್ ಮಾರ್ಕು. ನನ್ನ ಹೆಸರು ಒಮ್ಮೆಯೂ ಬರಲಿಲ್ಲ ಮಾರಾಯ್ರೆ!

ಕಲಿತದ್ದನ್ನು ಸುಮ್ಮನೆ ಹಾಳು ಮಾಡುವುದೇಕೆ? ಒಂದು ದಿನ ಫಾದರ್ ಕರೆಸಿದಾಗ ಬಾಗಿಲಲ್ಲಿ ನಿಂತು ಠೀವಿಯಿಂದ "ಹಾಂವ್ ಆಯ್ಲಿಂ" ಎಂದೆ. ಫಾದರ್ ಕನ್ನಡಕ ತೆಗೆದು ನನ್ನ ಮೀಸೆಯನ್ನು ಒಮ್ಮೆ ನೋಡಿದರು. ಕನ್ನಡದಲ್ಲಿ 'ಬಂದೆ' ಅಂದರೆ ಯಾರು ಬಂದರೂ ಬಂದೆ. ಕೊಂಕಣಿ ಅಷ್ಟು ಉದಾರಿಯಲ್ಲ. ಗಂಡಸು 'ಆಯ್ಲೊಂ', ಹೆಂಗಸು 'ಆಯ್ಲಿಂ'. ಹುಡುಗಿಯರ ಬೆನ್ನ ಹಿಂದೆ ಕಲಿತ ನಾನು ಅಪ್ಪಟ ಹೆಂಗಸಾಗಿ ಮಾತಾಡಿದ್ದೆ. ಫಾದರ್ ನಗು ತಡೆದುಕೊಂಡು, "ಬಲೆ, ಕುಲ್ಲುಲೆ" (ಬನ್ನಿ, ಕೂರಿ) ಎಂದು ತುಳುವಿಗೆ ಇಳಿದರು. ಅಷ್ಟರಲ್ಲಿ ಹನ್ನೆರಡರ ಗಂಟೆ ಬಾರಿಸಿತು. ಅವರು ಪ್ರಾರ್ಥನೆಗೆ ಎದ್ದುನಿಂತರು. ನನ್ನ ಮಾನ ಉಳಿಸಿದ್ದು ಆ ಗಂಟೆ.

ಸೆಪ್ಟೆಂಬರ್ 8, ಮೋಂತಿ ಫೆಸ್ತ್. ತೆನೆ ತಂದು ಹೊಸಕ್ಕಿ ಉಣ್ಣುವ ಹಬ್ಬ. ಅಂದು ಮೀನಿಗೂ ಮಾಂಸಕ್ಕೂ ರಜೆ. ಹಾಗಾಗಿ ಸಹಪಾಠಿಯ ಮನೆಯೂಟಕ್ಕೆ ಮೂಡುಬಿದಿರೆಯವನೂ ಧೈರ್ಯವಾಗಿ ಹೊರಟ. ಗಡ್ಡೆ ಹಾಕಿದ್ದಾರೋ ಎಂದು ಕೇಳುವುದು ಹೇಗೆಂಬ ಒಂದೇ ಚಿಂತೆ ಅವನಿಗೆ. ನನಗೆ ನನ್ನ ಲಿಂಗದ ಚಿಂತೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿ, ಜಗಲಿಯಲ್ಲಿ ಕೂತಿದ್ದ ಅಜ್ಜಿಯ ಮುಂದೆ ಎದೆಯುಬ್ಬಿಸಿ "ಹಾಂವ್ ಆಯ್ಲೊಂ" ಎಂದೆ. ಅಜ್ಜಿಗೆ ಖುಷಿಯೋ ಖುಷಿ.

ನನ್ನ ಹಿಂದೆಯೇ ಮೆಟ್ಟಿಲು ಹತ್ತಿದ ಜೈನ ಗೆಳೆಯ. ಪಾಪ, ಮೊದಲ ಮೂರು ತಿಂಗಳು ಅವನಿಗೆ ಕೊಂಕಣಿ ಹೇಳಿಕೊಟ್ಟವನು ನಾನೇ. ಕೈಮುಗಿದು, ಗಂಭೀರವಾಗಿ, ದಪ್ಪ ದನಿಯಲ್ಲಿ ಹೇಳಿದ:

"ಹಾಂವ್ ಆಯ್ಲಿಂ."