ಪ್ರಸಾದಕ್ಕೆ ಪಕ್ಷಭೇದವಿಲ್ಲ

ದೇವರನ್ನು ನಂಬದ ಗಂಡಂದಿರಿಗೂ ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದ ಮೇಲೆ ಅಪಾರ ನಂಬಿಕೆ. ರವೆ, ತುಪ್ಪ, ಸಕ್ಕರೆ, ಹಾಲು ಎಲ್ಲವೂ ಒಂದೂಕಾಲು ಅಳತೆ. ಆ ಕಾಲು ಯಾಕೆಂದು ಯಾವ ವಿಚಾರವಾದಿಯೂ ತರ್ಕ ಹೂಡುವುದಿಲ್ಲ. ಅದೂ ತನ್ನ ದೊನ್ನೆಗೇ ಬೀಳಲಿ ಎಂದು ಕಾಯುತ್ತಾನೆ.

ಪೂಜೆಯ ಕತೆಯಲ್ಲಿ, ಕಲಾವತಿ ಪ್ರಸಾದ ತಿನ್ನದೆ ಓಡಿದ್ದಕ್ಕೆ ಅವಳ ಗಂಡ ಹಡಗಿನ ಸಮೇತ ಮಾಯವಾದ ಪ್ರಸಂಗ ಬಂದಾಗ ಹೆಂಡತಿ ಓರೆಗಣ್ಣಲ್ಲಿ ನೋಡುತ್ತಾಳೆ.

“ನನ್ನ ಹತ್ತಿರ ಹಡಗಿಲ್ಲ ಕಣೇ, ಇರೋದು ಸ್ಕೂಟರು.”

“ಅದರ ಚಕ್ರಕ್ಕೂ ಆಯುಧಪೂಜೆ ದಿನ ನಿಂಬೆಹಣ್ಣು ಇಟ್ಟಿದ್ದು ನಾನೇ, ರೀ.”

ಇಂಥ ಸಂಸಾರದ ಗುಟ್ಟು ಚಾರ್ಲ್ಸ್ ಡಾರ್ವಿನ್‌ಗೂ ಗೊತ್ತಿತ್ತು. 1839ರಲ್ಲಿ ಕೈಹಿಡಿದ ಎಮ್ಮಾ ದೈವಭಕ್ತೆ. ಈತನ ನಂಬಿಕೆಯೋ ಬರಬರುತ್ತಾ ಕರಗಿತು. ಮುಂದೆ ಮನೆಮಂದಿ ಚರ್ಚಿಗೆ ಹೋದರೆ ಈತ ವಾಕಿಂಗ್ ಹೊರಡುತ್ತಿದ್ದ. ದೇವರ ವಿಷಯದಲ್ಲಿ ಒಮ್ಮತ ಬರಲಿಲ್ಲ. ಮಕ್ಕಳು ಮಾತ್ರ 10.

ನಮ್ಮ ನಾಸ್ತಿಕರಿಗೆ ಆ ವಾಕಿಂಗ್ ಭಾಗ್ಯವೂ ಇಲ್ಲ. ತೋರಣ ಕಟ್ಟಬೇಕು, ಬಾಳೆಕಂಬ ತರಬೇಕು, ಕೊನೆಗೆ ಪುರೋಹಿತರನ್ನು ಮನೆಗೆ ಬಿಟ್ಟುಬರಬೇಕು. ಹಿಂದಿನ ಸೀಟಿನಿಂದ ಅವರದು ಒಂದೇ ಮೊರೆ: “ದೇವರನ್ನ ನಂಬದಿದ್ರೂ ಪರವಾಗಿಲ್ಲ ಸ್ವಾಮಿ, ಹಂಪ್ ಇದೆ ಅನ್ನೋದನ್ನಾದ್ರೂ ನಂಬಿ!”