ನೂರಕ್ಕೆ ಮೂರು

(ತಿಪಟೂರು. ಕೊಬ್ಬರಿ ಮಂಡಿ ಶಿವಣ್ಣನ ಮನೆ ಜಗಲಿ. ಅಕ್ಕನ ಗಂಡ ರಾಜಣ್ಣ ಲ್ಯಾಬ್ ಟೆಕ್ನಿಷಿಯನ್ ಆಗಿ ನಿವೃತ್ತರಾದವರು. ಶಿವಣ್ಣ ರಿಪೋರ್ಟನ್ನು ಪಂಚಾಂಗದೊಳಗೆ ಮುಚ್ಚಿಟ್ಟುಕೊಂಡು ಬಂದಿದ್ದಾನೆ.)

ಶಿವಣ್ಣ: ಭಾವ, ಮೆತ್ತಗೆ ಓದಿ. ಪಕ್ಕದ ಮನೆಯೋರಿಗೆ ಕಿವಿ ಜಾಸ್ತಿ.

ರಾಜಣ್ಣ: ವೀರ್ಯ ಪರೀಕ್ಷೆ... ಸಹಜ ಆಕಾರದ ವೀರ್ಯಾಣು, ನೂರಕ್ಕೆ ಮೂರು.

ಶಿವಣ್ಣ: ಗಣಿತದಲ್ಲೇ ನಂಗೆ ಹದಿನೆಂಟು ಬಂದಿತ್ತು ಭಾವ!

ರಾಜಣ್ಣ: ಇಲ್ಲಿ ಗೆರೆ ಇರೋದೇ ನಾಲ್ಕಕ್ಕೆ.

ಶಿವಣ್ಣ: ಒಂದು ಮಾರ್ಕಿಗೆ ಫೇಲಾ? ಗ್ರೇಸ್ ಕೊಡಲ್ವಾ?

ರಾಜಣ್ಣ: ಪಾಸು-ಫೇಲಿನ ಗೆರೆ ಅಲ್ಲ ಕಣೋ. ಹೆಂಡ್ತಿ ವರ್ಷದೊಳಗೆ ಬಸುರಾದ ಗಂಡಸರನ್ನೇ ನೋಡಿ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಎಳೆದಿದ್ದು. ಆ ಅಪ್ಪಂದಿರಲ್ಲೂ ನೂರಕ್ಕೆ ಐದು ಜನ ಗೆರೆಯಿಂದ ಕೆಳಗೇ ಇದ್ರು. 1987ರ ಕೈಪಿಡೀಲಿ ಇದೇ ಗೆರೆ 50ಕ್ಕಿತ್ತು.

ಶಿವಣ್ಣ: ಐವತ್ತರಿಂದ ನಾಲ್ಕಾ! ಗಂಡಸ್ರು ಅಂತ ಯಾರೂ ಉಳಿದೇ ಇಲ್ವಾ?

ರಾಜಣ್ಣ: ಗಂಡಸರು ಇದ್ದಲ್ಲೇ ಇದ್ದಾರೆ. ಮುಖ್ಯವಾಗಿ ನೋಡೋರ ಕಣ್ಣು ಬಿಗಿಯಾಯ್ತು. ತಲೆ ಚೂರು ಡೊಂಕು, ಕುತ್ತಿಗೆ ಸೊಟ್ಟ ಅಂದ್ರೂ ಪಕ್ಕಕ್ಕೆ ತಳ್ತಾರೆ.

ಶಿವಣ್ಣ: ಎರಡು ತಲೆ, ಸುರುಳಿ ಬಾಲ ಅಂತೆಲ್ಲ ಬರೆದವ್ರೆ. ಹುಟ್ಟೋ ಮಗೂಗೂ ಹಂಗೇ...?

ರಾಜಣ್ಣ: ಥೂ! ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದ್ದಬದ್ದವಕ್ಕೆಲ್ಲ ದುಂಡು ತಲೆಯೇ ಆಗಿದ್ರೆ ಅದು ಬೇರೆ ಕಾಯಿಲೆ, ಅಂಡದೊಳಗೆ ನುಗ್ಗೋ ಟೊಪ್ಪಿಗೆಯೇ ಇರಲ್ಲ. ನಿಂದು ಅದಲ್ಲ. ನಿನ್ನ ಎಣಿಕೆ ತೀರಾ ಕಮ್ಮಿ. ಅದಕ್ಕೇ ಡಾಕ್ಟ್ರು ಕ್ರೋಮೋಸೋಮ್ ಟೆಸ್ಟಿಗೆ ಬರೆದಿದ್ದಾರೆ.

ಶಿವಣ್ಣ: ಆಕಾರ ನೋಡಿದ್ಮೇಲೆ ಅದ್ಯಾಕೆ? ನಾನು ಕೊಬ್ಬರೀನ ಕಣ್ಣಲ್ಲೇ ಅಳೀತೀನಿ.

ರಾಜಣ್ಣ: ಉಂಡೆ ಕೊಬ್ಬರಿ ಮೇಲೆ ಚೆಂದಾಗಿದ್ದು, ಒಡೆದ್ರೆ ಒಳಗೆ ಬೂಷ್ಟು ಇರಲ್ವಾ?

ಶಿವಣ್ಣ: ಇರುತ್ತೆ. ಅಂಥದ್ದನ್ನ ಚೀಲದ ಅಡೀಗೆ ಹಾಕ್ತೀವಿ.

ರಾಜಣ್ಣ: ಗೊತ್ತು ಬಿಡು, ನಮ್ಮನೆಗೂ ಕಳಿಸಿದ್ದೆ. ನೆಟ್ಟಗಿರೋ ವೀರ್ಯಾಣುವಲ್ಲೂ ಕ್ರೋಮೋಸೋಮ್ ಹೆಚ್ಚುಕಮ್ಮಿ ಇರಬಹುದು, ಸೊಟ್ಟದ್ದರಲ್ಲಿ ಸರಿಯಾಗೇ ಇರಬಹುದು. ಅದಕ್ಕೆ ರಕ್ತ ತಗೊಂಡು ನಿನ್ನ ಮೂಲ ಲೆಕ್ಕ ನೋಡ್ತಾರೆ. 46 ಇರಬೇಕು. ಸುಮಾರು 600 ಗಂಡಸರಲ್ಲಿ ಒಬ್ಬನಿಗೆ ಒಂದು ಎಕ್ಸ್ ಹೆಚ್ಚಿಗೆ ಇದ್ದು 47 ಆಗಿರುತ್ತೆ. ಕ್ಲೈನ್‌ಫೆಲ್ಟರ್ ಅಂತಾರೆ. ಎಷ್ಟೋ ಜನಕ್ಕೆ ಮಕ್ಕಳಾಗಲಿಲ್ಲ ಅಂತ ಆಸ್ಪತ್ರೆಗೆ ಹೋದಾಗಲೇ ಗೊತ್ತಾಗೋದು.

ಶಿವಣ್ಣ: ಒಂದು ಕೊಸರು ಬಂದ್ರೆ ಲಾಭ ತಾನೆ?

ರಾಜಣ್ಣ: ಈ ಕೊಸರು ಅಂಗಡೀನೇ ಮುಚ್ಚಿಸುತ್ತೆ. ಹೆಚ್ಚಿನವರ ವೀರ್ಯದಲ್ಲಿ ವೀರ್ಯಾಣುವೇ ಸಿಗಲ್ಲ. ಇನ್ನೊಂದು ಟೆಸ್ಟು, ವೈ ಕ್ರೋಮೋಸೋಮಿನ ಚೂರು ಬಿಟ್ಟುಹೋಗಿದ್ಯಾ ಅಂತ. ಹೋಗಿದ್ರೆ, ಸೂಜಿಯಿಂದ ಅಂಡದೊಳಕ್ಕೆ ವೀರ್ಯಾಣು ಬಿಟ್ಟು ಮಗು ಮಾಡ್ಕೊಂಡ್ರೂ, ಗಂಡಾದ್ರೆ ಅವನಿಗೂ ಅದೇ ದಾಟುತ್ತೆ.

ಶಿವಣ್ಣ: ಹೆಣ್ಣಾದ್ರೆ?

ರಾಜಣ್ಣ: ಈ ಆಸ್ತೀಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲ.

(ಶಿವಣ್ಣನ ಹೆಂಡತಿ ಸುಧಾ ಕಾಫಿ ತರುತ್ತಾಳೆ.)

ಸುಧಾ: ಅಣ್ಣ, ಇವರ ಟೆಸ್ಟಿಗೆ ಬಹಳ ನೋವಾಗುತ್ತಾ?

ರಾಜಣ್ಣ: ನೋವೆಲ್ಲಿಂದಮ್ಮ? ಡಬ್ಬಿ ಕೈಗೆ ಕೊಡ್ತಾರೆ, ಅಷ್ಟೆ.

ಸುಧಾ: ಅಷ್ಟೇನಾ! ನನಗೆ ಟ್ಯೂಬಿಗೆ ಔಷಧಿ ಬಿಟ್ಟು ನೋಡಿದ್ರು, ತಿಂಗಳಿಗೊಂದು ಸ್ಕ್ಯಾನು, ಹೊಟ್ಟೆ ತೂತು ಮಾಡಿ ಕ್ಯಾಮೆರಾ ಇಳಿಸಿದ್ರು. ಇವರು ಒಂದು ಡಬ್ಬಿ ಹಿಡಿಯೋಕೆ ಮೂರು ವರ್ಷ ತಗೊಂಡ್ರು.

ಶಿವಣ್ಣ: ಅಲ್ಲ, ಅಮ್ಮ ಹೇಳಿದ್ಳು, ನಮ್ಮ ವಂಶದ ಗಂಡಸ್ರಲ್ಲಿ ಯಾರಿಗೂ...

ರಾಜಣ್ಣ: ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಗಂಡಿನ ಕಡೆಯ ಕಾರಣವೂ ಇರುತ್ತೆ ಕಣೋ. ವಂಶ ಆಮೇಲೆ, ಮೊದಲು ಬಾಯಲ್ಲಿರೋ ಗುಟ್ಕಾ ಉಗಿ. ಹೊಸ ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು. ಆಮೇಲೆ ಇನ್ನೊಂದು ಸಲ ಪರೀಕ್ಷೆ.

ಶಿವಣ್ಣ: ಅಲ್ಲೀವರೆಗೂ ಅಮ್ಮಂಗೆ ಏನು ಹೇಳೋದು?

ಸುಧಾ: ನಾನಾಗಲೇ ಹೇಳಾಯ್ತು. ನಾಳೆಯಿಂದ ಅರಳಿಕಟ್ಟೆ ಸುತ್ತೋದು ನಿಮ್ಮ ಸರದಿ. ಬೆಳಗ್ಗೆ ಐದಕ್ಕೆ ತಣ್ಣೀರು ಸ್ನಾನ, ಒದ್ದೆ ಪಂಚೆ.

ಶಿವಣ್ಣ: ಡೈರಿಗೆ ಹಾಲು ಹಾಕೋರೆಲ್ಲ ಅಲ್ಲೇ ನಿಂತಿರ್ತಾರೆ, ನೋಡ್ತಾರೆ ಕಣೇ!

ಸುಧಾ: ನೋಡ್ಲಿ ಬಿಡಿ. ಮೂರು ವರ್ಷ ನನ್ನನ್ನೇ ನೋಡಿ ನೋಡಿ ಅವರಿಗೂ ಬೇಜಾರಾಗಿದೆ.